ಪೂಜೆಗಿಟ್ಟ ಬೀಗ

ಆ ಟ್ರೇಲರಿಗೆ ಬಾಗಿಲು ಎರಡು, ಬೀಗ ಒಂದು. ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ನನ್ನ ತಪ್ಪು ತಿಳಿಯಲು ಇಷ್ಟು ಸಾಕು. ಆದರೂ ಬರೆಯಲು ಕೂತಿದ್ದೇನೆ, ಮೊದಲಿನಿಂದ ಹೇಳುತ್ತೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಕಾಗುಣಿತ ಮೊಮ್ಮಗಳು ತಿದ್ದುತ್ತಾಳೆ. ಮಿಕ್ಕಿದ್ದನ್ನು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಅಪ್ಪ ತೀರಿಕೊಂಡ ಮೇಲೆ ನಾನು ಮತ್ತು ನನ್ನ ತಮ್ಮ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದೆವು. ಮೇಸ್ತ್ರಿ ಮಂಗಳೂರಿನ ಕಡೆಯವರು. ಹಣ್ಣು ಕೀಳುವ ಪಿಕಿಂಗ್ ಶುರುವಾಗುವ ಮುಂಚೆ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಪಲ್ಪರ್ ರಿಪೇರಿ ಮಾಡುವುದು ಅವರ ಕಸುಬು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದರೊಳಗೆ ಒಂದು ಮರದ ಉರುಳೆ, ಉರುಳೆಗೆ ಹೊದಿಸಿದ ತಾಮ್ರದ ತಗಡು, ತಗಡಿನ ಮೈತುಂಬ ಉಗುರಿನಷ್ಟು ದೊಡ್ಡ ಉಬ್ಬುಗಳು. ವರ್ಷಕ್ಕೆ ಒಂದು ಸಲವಾದರೂ ಉಬ್ಬು ಸವೆಯುತ್ತದೆ. ಸವೆದರೆ ಹಣ್ಣು ಸುಲಿಯುವುದಿಲ್ಲ, ಇಲ್ಲವೇ ಬೀಜ ಕಚ್ಚಿಹೋಗುತ್ತದೆ. ಹಳೆಯ ತಗಡು ಕಿತ್ತು ಹೊಸ ತಗಡಿಗೆ ಒಂದೊಂದಾಗಿ ಉಬ್ಬು ಹೊಡೆದು ಹೊದಿಸಬೇಕು.

ಆ ಉಬ್ಬು ಹೊಡೆಯುವ ಕೆಲಸ ತಮ್ಮನದು. ಅವನು ಎಡಚ. ಸೀಸದ ಗಟ್ಟಿಯ ಮೇಲೆ ತಗಡು ಹಾಸಿ, ಬಲಗೈಯಲ್ಲಿ ಪಂಚು ಹಿಡಿದು, ಎಡಗೈಯಲ್ಲಿ ಸುತ್ತಿಗೆಯ ಏಟು ಹಾಕುತ್ತಿದ್ದ. ಒಂದು ಉಬ್ಬಿಗೆ ಒಂದೇ ಏಟು. ಎರಡನೆಯ ಏಟು ಹಾಕಿದರೆ ತಗಡು ಹರಿಯುತ್ತದೆ ಎನ್ನುತ್ತಿದ್ದ. ಮೇಸ್ತ್ರಿಗೆ ಕಣ್ಣು ಮಂಜಾಗುತ್ತ ಬಂದಿತ್ತು. "ಮುಂದಿನ ವರ್ಷ ಇವನೇ ಮೇಸ್ತ್ರಿ. ನಾನು ಕೂತು ಎಲೆ ಅಡಿಕೆ ಹಾಕುವುದು" ಎಂದು ಎಲ್ಲರೆದುರು ಹೇಳುತ್ತಿದ್ದರು. ಅದು ತಮಾಷೆಯ ಮಾತಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ನನ್ನ ಕೈಗೆ ಕಸುಬು ಹತ್ತಲಿಲ್ಲ. ನನಗೆ ಟ್ರೇಲರ್ ಒಪ್ಪಿಸಿದರು.

ಮಿಲಿಟರಿಯವರು ಹರಾಜು ಹಾಕಿದಾಗ ಮೇಸ್ತ್ರಿ ಒಂದು ಜೀಪನ್ನೂ ಅದರ ಹಿಂದೆ ಕಟ್ಟುವ ಈ ಟ್ರೇಲರನ್ನೂ ಹಿಡಿದಿದ್ದರು. ಎರಡು ಚಕ್ರ, ನಾಲ್ಕೂ ಕಡೆ ಕಬ್ಬಿಣದ ಗೋಡೆ, ಮೇಲೆ ಮುಚ್ಚಿಗೆ, ಹಿಂದೆ ಜೋಡಿ ಬಾಗಿಲು. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಅದನ್ನು ಡಬ್ಬ ಎನ್ನುತ್ತಿದ್ದರು. ತಾಮ್ರದ ಸುರುಳಿಗಳು, ಹಿತ್ತಾಳೆ ಬೇರಿಂಗುಗಳು, ಅರ, ಉಳಿ, ಜಾಕಿ, ಎಲ್ಲ ಅದರೊಳಗೆ. ಆಗ ತಾಮ್ರದ ತಗಡು ಬೇಕೆಂದಾಗ ಸಿಗುವ ವಸ್ತುವಲ್ಲ. ಬರೆದು ಕೇಳಿ ತಿಂಗಳುಗಟ್ಟಲೆ ಕಾಯಬೇಕು. ಆ ಡಬ್ಬ ಖಾಲಿಯಾದರೆ ಆ ವರ್ಷದ ನಮ್ಮ ಕೆಲಸವೂ ಖಾಲಿ.

ಮೊದಲ ಪೆಟ್ಟು ಬಿದ್ದದ್ದು ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಬೀಗ ಹಾಕಿದ ಹಾಗೇ ಇದೆ, ಒಂದು ಬಾಗಿಲು ಕೀಲು ಕಳಚಿ ಓರೆಯಾಗಿ ನಿಂತಿದೆ. ಕೀಲಿನ ನಟ್ಟುಗಳು ಹೊರಗಡೆ ಇದ್ದವು. ಸ್ಪ್ಯಾನರ್ ಇದ್ದವರು ಯಾರು ಬೇಕಾದರೂ ಬಿಚ್ಚಬಹುದಿತ್ತು. ಜಾಕಿಯೂ ಸ್ವಲ್ಪ ಸಾಮಾನೂ ಹೋಗಿತ್ತು. ತಾಮ್ರ ತಳದಲ್ಲಿದ್ದದ್ದರಿಂದ ಉಳಿಯಿತು.

ಮೇಸ್ತ್ರಿ ಬೀಗವನ್ನು ಹಿಡಿದು ಅಲ್ಲಾಡಿಸಿ ನೋಡಿದರು.

"ಬೀಗ ಗಟ್ಟಿ ಉಂಟು ಮಾರಾಯ. ಬಾಗಿಲು ಮಾತ್ರ ಇಲ್ಲ" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಬಹಳ ದಿನ ನನ್ನ ಕಿವಿಯಲ್ಲಿ ಉಳಿಯಿತು.

ಆಮೇಲೆ ಎರಡು ದಿನ ಪಲ್ಪರ್ ಕೆಲಸ ಬಿಟ್ಟು ಟ್ರೇಲರಿನ ಕೆಲಸ ಹಿಡಿದೆವು. ಕೀಲಿನ ಬೋಲ್ಟುಗಳನ್ನು ತಿರುಗಿಸಿ ನಟ್ಟು ಒಳಗಡೆ ಬರುವಂತೆ ಹಾಕಿದೆವು. ತಮ್ಮ ಒಳಗೆ ಮಲಗಿ ಪ್ರತಿ ಬೋಲ್ಟಿನ ತುದಿಯನ್ನು ಬಡಿದು ಅಗಲ ಮಾಡಿದ. ಇನ್ನು ಅದನ್ನು ಕತ್ತರಿಸಬೇಕೇ ಹೊರತು ಬಿಚ್ಚಲಾಗದು. ಪಕ್ಕದಲ್ಲಿ ಗಾಳಿಗೆಂದು ಒಂದು ಕಿಂಡಿ ಇತ್ತು, ಕೈ ತೂರುವಷ್ಟು. ಅದಕ್ಕೆ ಅಡ್ಡ ಸರಳು ಕೂರಿಸಿದೆವು. ಎರಡೂ ಬಾಗಿಲಿಗೆ ಅಡ್ಡವಾಗಿ ದಪ್ಪ ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಗೆ ಬೀಗ. ಬೀಗದ ಮೇಲೆ ಸುತ್ತಿಗೆಯ ಏಟು ಬೀಳದಂತೆ ತಮ್ಮ ಒಂದು ಪೈಪಿನ ತುಂಡನ್ನು ಸೀಳಿ ಗೂಡು ಮಾಡಿದ. ಬೀಗದ ಕೈಯನ್ನು ಕೆಳಗಿನಿಂದ ಬೆರಳಲ್ಲಿ ತಡವಿ ಹಾಕಬೇಕಿತ್ತು.

ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ಕಂಡುಹಿಡಿದವನೂ ಅವನೇ. ಟ್ರೇಲರನ್ನು ಹಿಂದಕ್ಕೆ ತಳ್ಳಿ, ಬಾಗಿಲು ಗೋಡೆಗೆ ಒಂದು ಗೇಣು ದೂರ ಇರುವಂತೆ ನಿಲ್ಲಿಸುವುದು. ಜೀಪಿನ ಜಾಕಿ ಕೊಟ್ಟು ಒಂದು ಚಕ್ರ ಕಳಚುವುದು. ಅಚ್ಚನ್ನು ಕಲ್ಲಿನ ಮೇಲೆ ಕೂರಿಸುವುದು. ಕಳಚಿದ ಚಕ್ರವನ್ನು ನಾವು ಮಲಗುವಲ್ಲಿಗೆ ಒಯ್ಯುವುದು. ಬೀಗ ಒಡೆದರೂ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆಯಲು ಗಾಡಿ ಮುಂದಕ್ಕೆ ಹೋಗಬೇಕು, ಗಾಡಿಗೆ ಚಕ್ರ ಇಲ್ಲ. ಸಂಜೆ ಒಂದು ಗಂಟೆ ಈ ಕೆಲಸ, ಬೆಳಿಗ್ಗೆ ಮತ್ತೆ ಬಿಚ್ಚಲು ಒಂದು ಗಂಟೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಕೆಸರಲ್ಲಿ ಜಾಕಿ ಹೂತುಹೋಗುತ್ತಿತ್ತು, ಕಾಲಿಗೆ ಜಿಗಣೆ ಹತ್ತುತ್ತಿತ್ತು. ಆದರೂ ಮೂರು ಎಸ್ಟೇಟು ಮುಗಿಯುವವರೆಗೆ ಒಂದು ಮೊಳೆಯೂ ಹೋಗಲಿಲ್ಲ. ಕೇಳಿದವರಿಗೆಲ್ಲ ಇದು ನನ್ನ ವ್ಯವಸ್ಥೆ ಎಂದು ನಾನು ಹೇಳುತ್ತಿದ್ದೆ. ತಮ್ಮ ಪಕ್ಕದಲ್ಲಿದ್ದಾಗಲೂ ಹೇಳಿದ್ದುಂಟು. ಅವನು ತನ್ನ ಪಾಡಿಗೆ ಜಾಕಿ ತಿರುಗಿಸುತ್ತಿದ್ದ.

ಆಯುಧಪೂಜೆಯ ಹೊತ್ತಿಗೆ ನಾವು ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿದ್ದೆವು. ಬೆಳಿಗ್ಗೆ ಚಕ್ರ ಹಾಕಿ, ಟ್ರೇಲರನ್ನು ಗೋಡೆಯಿಂದ ಈಚೆಗೆ ಎಳೆದು ತೊಳೆದೆವು. ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹಾಯಿಸಿ ಅಂಗಳದ ನಡುವೆ ನಿಲ್ಲಿಸಿದೆವು. ಬೂದುಗುಂಬಳ ಒಡೆದದ್ದಾಯಿತು. ಪಲ್ಪರ್ ಮನೆಯಲ್ಲಿ, ಯಂತ್ರದ ಮುಂದೆ, ಒಂದು ಹಲಗೆಯ ಮೇಲೆ ಬಾಳೆಲೆ ಹಾಸಿ ಎಲ್ಲರೂ ಅವರವರ ಹತ್ಯಾರ ಇಟ್ಟರು. ಮೇಸ್ತ್ರಿಯ ಅಳತೆಗೋಲು, ಜೀಪಿನ ಡ್ರೈವರನ ಸ್ಪ್ಯಾನರುಗಳು, ತಮ್ಮನ ಸುತ್ತಿಗೆ ಮತ್ತು ಪಂಚು. ಎಸ್ಟೇಟಿನ ಆಳುಗಳು ಕತ್ತಿ, ಗುದ್ದಲಿ ತಂದಿಟ್ಟರು.

ನನ್ನದು ಎನ್ನಲು ನನ್ನ ಹತ್ತಿರ ಒಂದೂ ಹತ್ಯಾರ ಇರಲಿಲ್ಲ. ನಾನು ಹೋಗಿ ಟ್ರೇಲರಿನ ಬೀಗ ತೆಗೆದು ತಂದು, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಹಲಗೆಯ ಮೇಲೆ ಇಟ್ಟೆ.

ತಮ್ಮ ನೋಡಿದ. "ಬೀಗಕ್ಕೂ ಪೂಜೆನಾ ಅಣ್ಣ?"

"ಯಾಕೆ, ಅದು ವರ್ಷವೆಲ್ಲ ದುಡಿದಿಲ್ವಾ?"

"ದುಡಿದಿದ್ದು ಬಾಗ್ಲು, ಗೋಡೆ. ಬೀಗ ಸುಮ್ನೆ ನೇತಾಡ್ತಿತ್ತು."

ಡ್ರೈವರು ಜೋರಾಗಿ ನಕ್ಕ. ತಮ್ಮನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾವು ಹಾಗೆ ಮಾತಾಡಿಕೊಂಡೇ ಬೆಳೆದವರು. ಆದರೆ ಅವತ್ತು ಆ ಮಾತು ಬೀಗಕ್ಕೆ ಹೇಳಿದ್ದೆಂದು ನನಗೆ ಅನ್ನಿಸಲಿಲ್ಲ. ಮೇಸ್ತ್ರಿ ಮಾತ್ರ, "ಇರಲಿ ಬಿಡು. ಅದೂ ಒಂದು ಆಯುಧವೇ" ಎಂದು ಬೀಗಕ್ಕೂ ಅರಿಶಿನ ಕುಂಕುಮ ಹಚ್ಚಿದರು.

ಪೂಜೆ ಮುಗಿದ ಮೇಲೆ ಮೇಸ್ತ್ರಿ ಡ್ರೈವರನನ್ನು ಕರೆದುಕೊಂಡು ಜೀಪಿನಲ್ಲಿ ಇನ್ನೊಂದು ಎಸ್ಟೇಟಿನ ಪೂಜೆಗೆ ಹೊರಟರು. ಮರುದಿನ ಬೆಳಿಗ್ಗೆ ಆರತಿಯ ಹೊತ್ತಿಗೆ ಬರುತ್ತೇವೆ ಎಂದರು. ಉಳಿದವರು ನಾವಿಬ್ಬರೇ. ಟ್ರೇಲರು ಅಂಗಳದಲ್ಲಿ, ಬಾಗಿಲು ಬಯಲಿಗೆ, ಬೀಗ ಹಲಗೆಯ ಮೇಲೆ.

"ಅಣ್ಣ, ಬೀಗ ಎತ್ಕೊಂಡು ಬಂದು ಹಾಕ್ಬುಡೋಣ. ದೇವ್ರು ಏನೂ ಅನ್ಕೊಳಲ್ಲ" ಎಂದ ತಮ್ಮ.

"ಪೂಜೆಗಿಟ್ಟಿದ್ದನ್ನ ನಾಳೆ ಆರತಿ ಆಗೋವರ್ಗೂ ಎತ್ಬಾರ್ದು. ಅಪ್ಪ ಏನ್ ಹೇಳ್ತಿದ್ರು, ಮರೆತ್ಯಾ?"

"ಹಂಗಾದ್ರೆ ಗಾಡಿನಾದ್ರೂ ಗೋಡೆಗೆ ತಳ್ಳೋಣ ಬಾ."

"ನಿಂಬೆಹಣ್ಣು ದಾಟಿದ ಗಾಡಿನ ಅವತ್ತೇ ಹಿಂದಕ್ಕೆ ತಳ್ತಾರೇನೋ?"

ಅವನು ಹಾರದ ಕಡೆ, ಬಾಗಿಲಿನ ಕಡೆ ನೋಡಿದ. "ಸರಿ. ದೊಡ್ಡೋನು ನೀನು" ಎಂದ.

ಶಾಸ್ತ್ರ ಅಪ್ಪ ಹೇಳಿಕೊಟ್ಟದ್ದೇ, ಸುಳ್ಳಲ್ಲ. ಆದರೆ ಆ ಹೊತ್ತಿಗೆ ನನ್ನನ್ನು ಹಿಡಿದದ್ದು ಶಾಸ್ತ್ರವಲ್ಲ. ಬೀಗ ನೇತಾಡುತ್ತಿತ್ತು ಅಂದನಲ್ಲ, ಈಗ ಬೀಗ ಇಲ್ಲದೆ ಒದ್ದಾಡಲಿ ಎಂಬ ಹಟ.

ಕಾಯುವುದನ್ನು ಹಂಚಿಕೊಂಡೆವು. ಮಧ್ಯಾಹ್ನ ಎರಡು ಗಂಟೆಯವರೆಗೆ ಅವನು, ಆಮೇಲೆ ನಾನು. ಅವನು ಊಟವನ್ನೂ ಮಾಡದೆ ಬಾಗಿಲಿಗೆ ಒರಗಿ ಕೂತಿದ್ದ. ನಾನು ಹೋಗಿ ಏಳು ಅಂದ ಮೇಲೆಯೇ ಲೈನಿನ ಕಡೆ ಊಟಕ್ಕೆ ಹೋದದ್ದು. ಇದನ್ನು ಮರೆಯದೆ ಬರೆಯಬೇಕು.

ಮೂರು ಗಂಟೆ ದಾಟಿದ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದರು. ಯಜಮಾನರ ನೆಂಟರೊಬ್ಬರು ಮಡಿಕೇರಿಯಿಂದ ಕ್ಯಾಮರಾ ತಂದಿದ್ದಾರೆ, ಪಲ್ಪರ್ ಮನೆಯ ಮುಂದೆ ಎಲ್ಲರ ಫೋಟೋ ತೆಗೆಯುತ್ತಾರೆ ಎಂದರು.

"ನಾನು ಇಲ್ಲಿ ಕಾವಲು ಇದ್ದೀನಿ ಸಾರ್."

"ಹತ್ತು ನಿಮಿಷದಲ್ಲಿ ಯಾರು ನಿನ್ನ ಡಬ್ಬ ಹೊತ್ಕೊಂಡು ಹೋಗ್ತಾರೆ? ಬೇಗ ಬಾ ಮಾರಾಯ, ಬೆಳಕು ಹೋಗ್ತದಂತೆ."

ನಾನು ಅದುವರೆಗೆ ಫೋಟೋ ತೆಗೆಸಿಕೊಂಡವನಲ್ಲ. ಒಂದು ಕಾಫಿ ಕಡ್ಡಿ ಮುರಿದು ಬೀಗದ ಜಾಗದಲ್ಲಿ ಸಿಕ್ಕಿಸಿ ಹೊರಟೆ. ಪಲ್ಪರ್ ಮನೆ ಇಳಿಜಾರಿನ ಕೆಳಗೆ. ಅಲ್ಲಿಂದ ಟ್ರೇಲರು ಕಾಣುವುದಿಲ್ಲ.

ಅಲ್ಲಿ ಎಂಟು ಹತ್ತು ಜನ ಸಾಲಾಗಿ ನಿಂತಿದ್ದರು. ಹತ್ಯಾರದ ಹಲಗೆಯನ್ನು ಮೂರ್ನಾಲ್ಕು ಜನ ಹಾಗೇ ಮೆಲ್ಲಗೆ ಹೊರಗೆ ತಂದು ಸಾಲಿನ ಮುಂದೆ ಇಟ್ಟಿದ್ದರು. ತಮ್ಮ ಊಟ ಮುಗಿಸಿ ಬಂದು ಸಾಲಿನ ತುದಿಯಲ್ಲಿದ್ದ. ನನ್ನನ್ನು ಕಂಡು ಅವನ ಹುಬ್ಬು ಏರಿತು. ನಾನು ಅವನ ಪಕ್ಕ ನಿಂತೆ.

ಕ್ಯಾಮರಾದವರು, "ನಿಮ್ಮ ನಿಮ್ಮ ಹತ್ಯಾರ ಕೈಯಲ್ಲಿ ಹಿಡ್ಕೊಳ್ಳಿ" ಎಂದರು.

ಯಾರೂ ಅಲ್ಲಾಡಲಿಲ್ಲ. ಎಸ್ಟೇಟಿನ ಹಳೆಯ ಆಳೊಬ್ಬ, "ಪೂಜೆಗೆ ಇಟ್ಟದ್ದು ಸಾರ್. ಎತ್ತೋದು ಹೇಗೆ?" ಎಂದ.

"ಎಲ್ಲರೂ ಕೈ ಕಟ್ಕೊಂಡು ನಿಂತ್ರೆ ಯಾರು ಏನು ಕೆಲಸದವರು ಅಂತ ಗೊತ್ತಾಗೋದು ಹೇಗೆ?"

ಅವರು ನಗುತ್ತ ಹೇಳಿದ್ದು. ಆದರೆ ನನಗೆ ನಾಟಿತು. ಉಳಿದವರನ್ನು ನೋಡಿದರೆ ಗೊತ್ತಾಗುತ್ತದೆ. ಕತ್ತಿ ಹಿಡಿದು ಕಾಯಿಗಟ್ಟಿದ ಕೈಗಳು, ಸುಟ್ಟ ಬೆರಳುಗಳು. ನನ್ನನ್ನು ನೋಡಿದರೆ ಏನು ತಿಳಿಯುತ್ತದೆ? ನಾನು ಬಗ್ಗಿ, ಹಲಗೆಯ ಮೇಲಿದ್ದ ಬೀಗ ಎತ್ತಿಕೊಂಡು ಎದೆಯ ಹತ್ತಿರ ಹಿಡಿದೆ.

ಪಕ್ಕದಿಂದ ತಮ್ಮ "ಅಣ್ಣ" ಎಂದ, ಮೆಲ್ಲಗೆ. ಅಷ್ಟೇ ಅಂದದ್ದು. ಕ್ಯಾಮರಾ ಟಿಕ್ ಎಂದಿತು.

ಬೀಗವನ್ನು ಬಾಳೆಲೆಯ ಮೇಲೆ ಅದರ ಅರಿಶಿನದ ಗುರುತು ಹುಡುಕಿ ಅಲ್ಲೇ ಇಟ್ಟೆ. ರೈಟರು ಎಲ್ಲರಿಗೂ ಸಿಹಿ ಅವಲಕ್ಕಿ ಕೊಡಿಸಿದರು. ನಾನು ಕೂತು ತಿಂದೆ, ಎರಡನೆಯ ಸಲ ಹಾಕಿಸಿಕೊಂಡೆ. ಹತ್ತು ನಿಮಿಷ ಎಷ್ಟಾಯಿತೋ ಲೆಕ್ಕ ಇಡಲಿಲ್ಲ.

ಹಿಂದಿರುಗಿ ಬಂದಾಗ ಬಾಗಿಲು ಮುಚ್ಚಿತ್ತು. ಕಾಫಿ ಕಡ್ಡಿ ನೆಲದ ಮೇಲೆ ಬಿದ್ದಿತ್ತು.

ಗಾಳಿಗೆ ಬಿದ್ದಿರಬಹುದು ಎಂದುಕೊಂಡೆ. ಗಾಳಿ ಇರಲಿಲ್ಲ. ಕಡ್ಡಿ ಎತ್ತಿ ಮತ್ತೆ ಸಿಕ್ಕಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ತೆರೆದು ನೋಡಲು ಒಂದು ಗಳಿಗೆ ಸಾಕಿತ್ತು. ಆಗಲೇ ನೋಡಿ ಕೂಗಿದ್ದರೆ, ತಾಮ್ರದ ಸುರುಳಿ ಹೊತ್ತವರು ಎಷ್ಟು ದೂರ ಹೋಗಿರುತ್ತಿದ್ದರು? ತೋಟದಲ್ಲಿ ಹುಡುಕಲು ಐವತ್ತು ಜನ ಇದ್ದರು. ನೋಡಿದರೆ ಗೊತ್ತಾಗಿಬಿಡುತ್ತದೆ, ಅದಕ್ಕೇ ನಾನು ನೋಡಲಿಲ್ಲ. ಮರುದಿನ ಬೆಳಗಿನವರೆಗೂ ಆ ಬಾಗಿಲಿನ ಮುಂದಿನಿಂದ ಕದಲಲಿಲ್ಲ. ನಾನು ಅಷ್ಟು ಚೆನ್ನಾಗಿ ಕಾವಲು ಕಾದದ್ದು ಆ ವರ್ಷದಲ್ಲಿ ಅದೊಂದೇ ದಿನ.

ಬೆಳಿಗ್ಗೆ ಮೇಸ್ತ್ರಿ ಬಂದರು, ಆರತಿಯಾಯಿತು, ಎಲ್ಲರೂ ಹತ್ಯಾರ ಎತ್ತಿಕೊಂಡರು. ಹೊಸ ತಗಡು ತರಲು ತಮ್ಮ ಟ್ರೇಲರಿಗೆ ಹೋದ. ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟ. ತಾಮ್ರದ ಸುರುಳಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಹಿತ್ತಾಳೆ ಬೇರಿಂಗಿನ ಪೆಟ್ಟಿಗೆ ಪೂರ್ತಿ ಖಾಲಿ. ಸೀಸದ ಗಟ್ಟಿಗಳನ್ನು ಭಾರವೆಂದು ಬಿಟ್ಟಿದ್ದರು.

ಮೇಸ್ತ್ರಿ ಕೂಗಾಡಲಿಲ್ಲ. ಹಾರ ಬಾಡಿದ ಟ್ರೇಲರಿನ ಅಂಚಿಗೆ ಕೂತು ಕೇಳಿದರು. "ಇಲ್ಲಿ ಯಾರು ಇದ್ದದ್ದು?"

"ಎರಡು ಗಂಟೆಯಿಂದ ನಾನು. ಆಮೇಲೆ ಬಾಗಿಲು ಬಿಟ್ಟು ಕದಲಿಲ್ಲ" ಎಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಅದಕ್ಕೆ ಮುಂಚೆ ತಮ್ಮ."

ಮೇಸ್ತ್ರಿ ಅವನ ಕಡೆ ತಿರುಗಿದರು. "ನೀನು ನಡುವಲ್ಲಿ ಎಲ್ಲಿಗಾದರೂ ಹೋಗಿದ್ದೆಯಾ?"

ತಮ್ಮ ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯ ಮೇಲಿನ ಕುಂಕುಮವನ್ನು ಹೆಬ್ಬೆರಳಲ್ಲಿ ಒರೆಸುತ್ತಿದ್ದ. ನನ್ನ ಹೆಂಡತಿ ಆಗ ತುಂಬು ಬಸುರಿ. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವನ ಮನಸ್ಸಿನಲ್ಲಿ ಏನು ಓಡಿತೋ ಗೊತ್ತಿಲ್ಲ, ನಾನು ಈ ಎರಡನ್ನು ಜೋಡಿಸಿಕೊಂಡಿದ್ದೇನೆ.

"ಹೂಂ. ಊಟಕ್ಕೆ ಹೋಗಿದ್ದೆ" ಎಂದ.

"ಬಿಟ್ಟು ಹೋದೆಯಾ?"

"ಬಿಟ್ಟು ಹೋದೆ."

ಠಾಣೆಗೆ ಹೇಳಿದ್ದಾಯಿತು, ಲೈನುಗಳಲ್ಲಿ ಹುಡುಕಿದ್ದಾಯಿತು. ಏನೂ ಸಿಗಲಿಲ್ಲ. ಕಾವಲಿನಿಂದ ನನ್ನನ್ನು ಕರೆದವರು ತಾವೇ ಆದ್ದರಿಂದ ರೈಟರು ಫೋಟೋದ ಮಾತೆತ್ತಲಿಲ್ಲ. ಮೇಸ್ತ್ರಿ ಎರಡು ದಿನ ತಮ್ಮನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ನಿನ್ನ ಕೈ ಒಳ್ಳೆಯದು. ಆದರೆ ನಿನ್ನನ್ನು ನಂಬಿ ಒಂದು ತಂಡ ಕೊಡುವುದು ಹೇಗೆ?" ಎಂದರು. ತಮ್ಮ ಕೂತಲ್ಲಿಂದ ಎದ್ದ. ಸುತ್ತಿಗೆಯನ್ನು ಟ್ರೇಲರಿನೊಳಗೆ ಇಟ್ಟು ಬಟ್ಟೆಯ ಗಂಟು ಕಟ್ಟಿಕೊಂಡ. ಸಿದ್ದಾಪುರದ ಬಸ್ಸಿನವರೆಗೆ ನಾನು ಜೊತೆಗೆ ನಡೆದೆ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಬಸ್ಸು ಬಂತು.

"ಅತ್ತಿಗೆನ ನೋಡ್ಕೋ" ಎಂದು ಹತ್ತಿ ಕೂತ.

ಆ ಒಂದು ಸುರುಳಿಯಲ್ಲಿ ಅಲ್ಲಿಯ ಪಲ್ಪರ್ ಮುಗಿಸಿ ಬಾಳೆಲೆ ಎಂಬ ಊರಿನ ಕಡೆಗೆ ಹೋದೆವು. ಅಲ್ಲಿದ್ದಾಗ ರೈಟರು ಯಾರದೋ ಕೈಯಲ್ಲಿ ಫೋಟೋ ಕಳಿಸಿದರು. ಅದರಲ್ಲಿ ಎಲ್ಲರೂ ಬರಿಗೈಯಲ್ಲಿ ನಿಂತಿದ್ದಾರೆ. ಅವರಲ್ಲಿ ನಾನೊಬ್ಬ ಬೀಗ ಹಿಡಿದಿದ್ದೇನೆ, ಬೀಗದ ಮೇಲಿನ ಬೊಟ್ಟು ಕೂಡ ಕಾಣುತ್ತದೆ. ಪಕ್ಕದಲ್ಲಿ ತಮ್ಮ ಮುಖ ತಿರುಗಿಸಿ ನನ್ನನ್ನೇ ನೋಡುತ್ತಿದ್ದಾನೆ. ಫೋಟೋವನ್ನು ಕಾಗದದಲ್ಲಿ ಸುತ್ತಿ ಟ್ರೇಲರಿನಲ್ಲಿ ಬಳಸದೆ ಇದ್ದ ಇನ್ನೊಂದು ಸೀಸದ ಗಟ್ಟಿಯ ಕೆಳಗೆ ಇಟ್ಟು ಬೀಗ ಹಾಕಿದೆ. ಆಮೇಲೆ ಪ್ರತಿ ಸಂಜೆ ಟ್ರೇಲರನ್ನು ಗೋಡೆಗೆ ತಳ್ಳಿ, ಚಕ್ರ ಕಳಚಿ, ಗೂಡಿನೊಳಗೆ ಬೆರಳಿಟ್ಟು ಬೀಗವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೆ. ಒಳಗೆ ಕದಿಯುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಮೇಸ್ತ್ರಿ, "ಖಾಲಿ ಡಬ್ಬಕ್ಕೆ ಎಂಥ ಕಾವಲು ಮಾರಾಯ" ಎಂದರು.

ಬಾಳೆಲೆಯ ಪಲ್ಪರಿಗೆ ಹೊಸ ತಗಡು ಇರಲಿಲ್ಲ. ಹಳೆಯ ತಗಡುಗಳಲ್ಲಿ ಗಟ್ಟಿ ಇದ್ದದ್ದನ್ನು ಆರಿಸಿ, ಬಿಚ್ಚಿ, ಮತ್ತೆ ಹೊದಿಸಿ ಪಿಕಿಂಗಿಗೆ ಒಪ್ಪಿಸಿದೆವು. ಮೇಸ್ತ್ರಿಯೇ ಉಬ್ಬು ಎಬ್ಬಿಸಿದರು. ಎರಡು ಏಟು, ಮೂರು ಏಟು. ಹಣ್ಣು ಬರತೊಡಗಿದ ವಾರದಲ್ಲೇ ತಗಡು ಉದ್ದಕ್ಕೆ ಹರಿಯಿತು. ಪಲ್ಪರ್ ನಿಂತಿತು. ಹಣ್ಣು ಅಂಗಳದಲ್ಲಿ ರಾಶಿ ಬಿದ್ದು ಹುಳಿ ವಾಸನೆ ಏಳತೊಡಗಿತು. ಮೇಸ್ತ್ರಿ ಇನ್ನೊಂದು ಹಳೆಯ ತಗಡು ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಪಂಚು ಇಟ್ಟು ಹೊಡೆದರು. ಏಟು ಬೆರಳಿಗೆ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟರು.

"ಚಿಕ್ಕವ ಇದ್ದಿದ್ದರೆ" ಎಂದರು. ಬೈಗುಳವಾಗಿ ಹೇಳಲಿಲ್ಲ, ಸುಸ್ತಾಗಿ ಹೇಳಿದರು.

ನಾನು ಟ್ರೇಲರಿಗೆ ಹೋದೆ. ಬೀಗ ತೆಗೆದು, ಸೀಸದ ಗಟ್ಟಿ ಸರಿಸಿ, ಫೋಟೋ ತಂದು ಅವರ ಕೈಯಲ್ಲಿಟ್ಟೆ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಆ ಗಟ್ಟಿಯನ್ನು ದಿನಾ ನೋಡಿ ನೋಡಿ ನನಗೂ ಸಾಕಾಗಿತ್ತು.

ಮೇಸ್ತ್ರಿ ಎದ್ದು ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದರು.

"ಇದು ಎಷ್ಟು ಹೊತ್ತಿಗೆ?"

"ಮೂರು ದಾಟಿತ್ತು."

"ಆಗ ಟ್ರೇಲರಿನ ಹತ್ತಿರ ಯಾರಿದ್ದರು?"

"ಯಾರೂ ಇರಲಿಲ್ಲ."

"ಬೀಗ ಎತ್ತಬಾರದು ಅಂದವರು ಯಾರು?"

"ನಾನೇ."

"ಅವ ಊಟಕ್ಕೆ ಬಿಟ್ಟು ಹೋದದ್ದು?"

"ಹೋಗಿರಲಿಲ್ಲ. ನಾನು ಬರುವವರೆಗೆ ಹಸಿದು ಕೂತಿದ್ದ."

ಅವರು ಫೋಟೋ ಹಿಂದಕ್ಕೆ ಕೊಟ್ಟು ಗುರುತಿಲ್ಲದವರ ಮುಂದೆ ಚಾಚುವಂತೆ ಕೈ ಚಾಚಿದರು. "ಬೀಗದ ಕೈ ಇಲ್ಲಿ ಇಡು. ಹೋಗಿ ಅವನನ್ನು ಕರೆದುಕೊಂಡು ಬಾ. ನಿನ್ನ ವಿಚಾರ ಆಮೇಲೆ."

ಉಡಿದಾರದ ಗಂಟು ಬಿಚ್ಚಲು ಆಗಲಿಲ್ಲ. ದಾರ ಹರಿದು ಕೊಟ್ಟೆ.

ತಮ್ಮ ಕುಟ್ಟದ ಹತ್ತಿರ ಮರ ಲೋಡ್ ಮಾಡುವ ಕೆಲಸದಲ್ಲಿದ್ದ. ನಾನು ಹೋದಾಗ ನಾಲ್ಕು ಜನರ ಜೊತೆ ದಿಮ್ಮಿಗೆ ಸನ್ನೆಕೋಲು ಕೊಟ್ಟು ಲಾರಿಗೆ ಉರುಳಿಸುತ್ತಿದ್ದ. ಹೆಗಲಿನ ಚರ್ಮ ಸುಲಿದಿತ್ತು. ಬಂದು ನನ್ನ ಪಕ್ಕ ದಿಮ್ಮಿಯ ಮೇಲೆ ಕೂತ.

"ಅತ್ತಿಗೆ?"

"ಹೆಣ್ಣು ಮಗು. ಚೆನ್ನಾಗವ್ರೆ ಇಬ್ರೂ."

ಅವನು ನಕ್ಕ. ತಗಡು ಹರಿದದ್ದನ್ನೂ ನಾನು ಮೇಸ್ತ್ರಿಗೆ ಹೇಳಿದ್ದನ್ನೂ ಹೇಳಿದೆ, ಬರಬೇಕಂತೆ ಎಂದೆ. ನಗು ನಿಂತಿತು.

"ಬಾ ಅಂದ್ರೆ ಬರೋಕೆ, ಹೋಗು ಅಂದ್ರೆ ಹೋಗೋಕೆ ನಾನೇನು ಟ್ರೇಲರ್ರಾ ಅಣ್ಣ?"

"ತಪ್ಪು ನಂದು ಅಂತ ಅವ್ರಿಗೆ ಗೊತ್ತಾಗಿದೆ ಕಣೋ."

"ಬುಟ್ಟು ಹೋದೆ ಅಂತ ಅವ್ರ ಎದ್ರಿಗೆ ಅಂದೋನು ನಾನಲ್ವಾ? ಈಗ ಹೋಗಿ ಅದು ಸುಳ್ಳು ಅನ್ಲಾ? ಬ್ಯಾಡ ಬುಡು." ದಿಮ್ಮಿಯ ತೊಗಟೆ ಕಿತ್ತ. ಆಮೇಲೆ, "ತಗಡು ಹರಿದದ್ದು ಉದ್ದಕ್ಕಾ, ಅಡ್ಡಕ್ಕಾ?" ಎಂದು ಕೇಳಿದ.

"ಉದ್ದಕ್ಕೆ."

"ಹಳೇ ತಾಮ್ರ ಸೆಟೆದುಕೊಂಡಿರ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕು, ಮೆತ್ತಗಾಯ್ತದೆ. ಆಮೇಲೆ ಉಬ್ಬು ಹೊಡಿ. ಒಂದೇ ಏಟು. ಹೊದಿಸುವಾಗ ತುದಿಯಿಂದ ಮೊಳೆ ಹೊಡೀಬ್ಯಾಡ, ನಡುವಿನಿಂದ ಶುರು ಮಾಡು, ಎರಡು ಕಡೆಗೂ ಸರಿಸ್ಕೊಂಡು ಹೋಗು. ನೀನೇ ಹೊಡಿ. ಮೇಸ್ತ್ರಿಗೆ ಕಣ್ಣು ಕಾಣಲ್ಲ."

"ನನ್ ಕೈಲಿ ಆಗ್ತದೇನೋ?"

"ಕೈಲಿ ಬೀಗ ಇಲ್ವಲ್ಲ ಈಗ."

ನಾನು ಫೋಟೋ ಕೊಟ್ಟೆ. ಅವನು ಬೆವರಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದು ನೋಡಿದ.

"ಬೀಗ ಚೆಂದಾಗಿ ಬಂದದೆ" ಎಂದು ಹಿಂದಕ್ಕೆ ಕೊಟ್ಟ. ಲಾರಿಯ ಹತ್ತಿರ ಯಾರೋ ಕೂಗಿದರು. ಏಳುವಾಗ, "ನನ್ ಸುತ್ತಿಗೆ ಎಲ್ಲದೆ?" ಎಂದ.

"ಟ್ರೇಲರಿನಲ್ಲೇ ಇದೆ."

"ಅದ್ರಲ್ಲೇ ಹೊಡಿ. ಬ್ಯಾರೆದು ಭಾರ."

ಒಬ್ಬನೇ ಬಂದ ನನ್ನನ್ನು ಕಂಡು ಮೇಸ್ತ್ರಿ ಪಂಚು ಕೆಳಗಿಟ್ಟರು. ಇದ್ದಿಲು ಹೊತ್ತಿಸಿ ತಗಡು ಕಾಯಿಸಿದೆ, ನೀರಿಗೆ ಹಾಕಿದೆ, ಉಬ್ಬು ಹೊಡೆದೆ. ಮೊದಲ ತಗಡು ಕೆಟ್ಟಿತು. ಎರಡನೆಯದೂ ಅರ್ಧ ಕೆಟ್ಟಿತು. ಮೂರನೆಯದನ್ನು ನಡುವಿನಿಂದ ಮೊಳೆ ಹೊಡೆಯುತ್ತ ಹೊದಿಸಿದೆ. ರಾಶಿಯಲ್ಲಿ ಅರ್ಧ ಹಣ್ಣು ಆಗಲೇ ಹಾಳಾಗಿತ್ತು. ಉಳಿದದ್ದನ್ನು ಪಲ್ಪರಿಗೆ ಸುರಿದಾಗ ಸುಲಿದು ಬಂತು. ಅಲ್ಲಲ್ಲಿ ಬೀಜ ಕಚ್ಚಿತ್ತು. ಮೇಸ್ತ್ರಿ ಒಂದು ಹಿಡಿ ಬೀಜ ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದರು. "ಆಗ್ತದೆ" ಎಂದರು. ನನ್ನ ವಿಚಾರವನ್ನು ಅವರು ಅಷ್ಟರಲ್ಲೇ ಮುಗಿಸಿದರು. ಬೀಗದ ಕೈ ಮಾತ್ರ ಮತ್ತೆ ನನಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ತಮ್ಮ ಮಗುವನ್ನು ನೋಡಲು ಬಂದ, ಹಬ್ಬಕ್ಕೆ ಬಂದ, ಮದುವೆಯಾದ. ತಾಮ್ರದ ಕೆಲಸಕ್ಕೆ ಮಾತ್ರ ಕೊನೆಯವರೆಗೂ ಹಿಂದಿರುಗಲಿಲ್ಲ. ಮೊನ್ನೆ ತೀರಿಕೊಂಡಾಗಲೂ ಅವನನ್ನು ಮರದ ಲಾರಿಯವನೆಂದೇ ಎಲ್ಲರೂ ಕರೆದರು.

ಮರುವರ್ಷದ ಆಯುಧಪೂಜೆಯಲ್ಲಿ ಮೇಸ್ತ್ರಿ ಬೀಗವನ್ನು ಬಿಚ್ಚಗೊಡಲಿಲ್ಲ. ನೇತಾಡುವಲ್ಲಿಯೇ ಅದಕ್ಕೆ ಕುಂಕುಮ ಹಚ್ಚಿದರು. ತಮ್ಮನ ಸುತ್ತಿಗೆಯನ್ನು ನಾನೇ ಹಲಗೆಯ ಮೇಲೆ ಇಟ್ಟೆ. ಮರುದಿನ ಆರತಿಯಾದ ಮೇಲೆ ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡರು. ಸುತ್ತಿಗೆ ಒಂದೇ ಉಳಿಯಿತು. ನಾನು ನಿಂತೇ ಇದ್ದೆ.

"ಎತ್ತು ಮಾರಾಯ, ಹೊತ್ತಾಯಿತು" ಎಂದರು ಮೇಸ್ತ್ರಿ.

ಎತ್ತಿದೆ. ಹಿಡಿಯ ಮೇಲೆ ಅವನ ಎಡಗೈ ಹೆಬ್ಬೆರಳು ಸವೆಸಿದ ಗುಳಿ ಇದೆ. ಅದೇ ಸುತ್ತಿಗೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ನಾನು ಬಲಗೈಯವನು. ನನ್ನ ಹೆಬ್ಬೆರಳು ಒಂದು ದಿನವೂ ಆ ಗುಳಿಯಲ್ಲಿ ಕೂರಲಿಲ್ಲ.